ಅಂಕೋಲೆಯ ಸೆಕೆಗೆ, ಮಳೆಗೆ ಯಾವ ಬ್ಲಾಕಿನ ಗೋಡೆ?

ಪ್ರಶ್ನೆ: ಅಂಕೋಲಾ ಹತ್ತಿರ, ಸಮುದ್ರದಿಂದ ಸುಮಾರು 2 ಕಿಲೋಮೀಟರ್ ಒಳಗೆ ನಮ್ಮದೊಂದು ಜಾಗ ಇದೆ. 1,200 ಚದರಡಿಯ ಒಂದೇ ಅಂತಸ್ತಿನ ಮನೆ ಕಟ್ಟಬೇಕು. ಕಾಂಟ್ರಾಕ್ಟರಿಗೆ ಒಪ್ಪಿಸದೆ ನಾನೇ ನಿಂತು ಕಟ್ಟಿಸುವ ಆಸೆ. ಥರ್ಮೋಕೋಲ್ ಅಚ್ಚುಗಳನ್ನು ಜೋಡಿಸಿ ಒಳಗೆ ಕಾಂಕ್ರೀಟ್ ಸುರಿಯುವ ವಿಡಿಯೋಗಳನ್ನು ನೋಡಿ ಅದರ ಮೇಲೆ ಮನಸ್ಸಾಗಿದೆ. ಶಿರಸಿಯಲ್ಲಿ ನಮ್ಮ ಭಾವ ಎಎಸಿ ಬ್ಲಾಕಿನಲ್ಲಿ (ಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕು) ಕಟ್ಟಿಸಿದರು, ಎರಡನೇ ವರ್ಷಕ್ಕೇ ಗೋಡೆ ಬಿರುಕು ಬಿಟ್ಟಿದೆ. ನಮ್ಮ ಮೇಸ್ತ್ರಿ ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನನ್ನ ಹೆಂಡತಿ ಕೇಳುವುದು ಒಂದೇ: ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ನಿದ್ದೆ ಬರುವ ಮನೆ. ಯಾವ ಬ್ಲಾಕ್ ತಗೊಳ್ಳಲಿ?

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ್ದು ಗೋಡೆಯ ಬಗ್ಗೆ, ಅವರು ಕೇಳಿದ್ದು ನಿದ್ದೆಯ ಬಗ್ಗೆ. ನಮ್ಮ ಕರಾವಳಿಯಲ್ಲಿ ನಿದ್ದೆ ಕೆಡಿಸುವುದು ಗೋಡೆಗಿಂತ ಜಾಸ್ತಿ ತಲೆಯ ಮೇಲಿನ ಸ್ಲ್ಯಾಬು.

ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ಏಪ್ರಿಲ್ ತಿಂಗಳ ಒಂದು ಸಂಜೆ, ಏಳು ಗಂಟೆ ಹೊತ್ತಿಗೆ, ಯಾವುದಾದರೂ ಸ್ಲ್ಯಾಬಿನ ಮನೆಯಲ್ಲಿ ಸ್ಟೂಲ್ ಹತ್ತಿ ಅಂಗೈಯನ್ನು ಚಾವಣಿಗೆ ಒತ್ತಿ ಹಿಡಿಯಿರಿ. ಆಮೇಲೆ ಉತ್ತರದ ಗೋಡೆಗೆ ಒತ್ತಿ. ಕೊನೆಗೆ ಪಡುವಣ ಗೋಡೆಗೆ. ಚಾವಣಿ ಆಗಷ್ಟೇ ಇಳಿಸಿಟ್ಟ ಕಾವಲಿಯ ಹಾಗೆ ಬೆಚ್ಚಗಿರುತ್ತದೆ. ಉತ್ತರದ ಗೋಡೆ ತಣ್ಣಗೇ ಇರುತ್ತದೆ. ಪಡುವಣ ಗೋಡೆ ಎರಡರ ನಡುವೆ. ಹೊತ್ತು ಮುಳುಗಿ ಹೊರಗೆ ತಂಪು ಗಾಳಿ ಬೀಸಿದರೂ ಆ ಚಾವಣಿ ರಾತ್ರಿ ಹತ್ತು ಹನ್ನೊಂದರವರೆಗೆ ಮೈಮೇಲೆ ಬಿಸಿ ಸುರಿಯುತ್ತಲೇ ಇರುತ್ತದೆ. ಫ್ಯಾನು ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ, ಅಷ್ಟೇ.

ಕಾರಣ ಸುಲಭ. ನಮ್ಮ ಜಿಲ್ಲೆಯ ಕರಾವಳಿ ಇರುವುದು 14ರಿಂದ 15 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನಟ್ಟ ನಡು ಮಧ್ಯಾಹ್ನ ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ದಕ್ಷಿಣದ ಗೋಡೆಗೂ ಬಿಸಿಲು ಬೀಳುವುದು ಕಡಿಮೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪೂರ್ತಿ ಬಿಸಿಲು ತಿನ್ನುವುದು ಮಾಡು ಒಂದೇ. ಲೆಕ್ಕದಲ್ಲಿ ಹೇಳುವುದಾದರೆ, 5-6 ಇಂಚಿನ ಬೋಳು ಸ್ಲ್ಯಾಬಿನ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 3 ವ್ಯಾಟಿಗಿಂತ ಜಾಸ್ತಿ ಶಾಖ ಇಳಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ (ಮನೆಗಳ ಇಂಧನ ಉಳಿತಾಯದ ನಿಯಮಾವಳಿ) ಮಾಡಿಗೆ ಹಾಕಿದ ಮಿತಿ 1.2. ಅದೇ ಸ್ಲ್ಯಾಬಿನ ಮೇಲೆ 2 ಇಂಚಿನ ಗಟ್ಟಿ ಫೋಮ್ ಹಾಸಿದರೆ ಅದು 0.6ರ ಆಸುಪಾಸಿಗೆ ಬರುತ್ತದೆ. ಇನ್ಸುಲೇಶನ್ನಿಗೆ, ಅಂದರೆ ಶಾಖ ತಡೆಗೆ, ಅಂತ ನೀವು ಎತ್ತಿಟ್ಟ ದುಡ್ಡಿನ ಮೊದಲ ಪಾಲು ಮಾಡಿಗೆ ಹೋಗಬೇಕು. ಗೋಡೆಯ ಸರದಿ ಆಮೇಲೆ.

ಆದರೆ ನಮ್ಮ ಮಳೆಗೆ ಸ್ಲ್ಯಾಬಿನ ಮೇಲೆ ಫೋಮ್ ಹಾಸುವುದಕ್ಕಿಂತ ನನಗೆ ಇಷ್ಟವಾಗುವ ದಾರಿ ಬೇರೆ ಇದೆ. ಸ್ಲ್ಯಾಬಿನ ಮೇಲೆ ಎರಡು ಮೂರು ಅಡಿ ಅಂತರ ಬಿಟ್ಟು ಇಳಿಜಾರಾಗಿ ಹೆಂಚಿನ ಮಾಡು ಹಾಕುವುದು, ಎರಡೂ ತುದಿಯ ತ್ರಿಕೋನದ ಗೋಡೆಯಲ್ಲಿ ಗಾಳಿ ಆಡಲು ಜಾಲಿ ಬಿಡುವುದು. ಬಿಸಿಲು ಹೆಂಚಿಗೆ ಬೀಳುತ್ತದೆ. ಹೆಂಚಿನ ಬಿಸಿಯನ್ನು ನಡುವಿನ ಗಾಳಿ ಹೊತ್ತೊಯ್ಯುತ್ತದೆ. ಸ್ಲ್ಯಾಬು ನೆರಳಲ್ಲಿರುತ್ತದೆ, ಮಳೆಗೆ ನೆನೆಯುವುದೂ ಇಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆವತ್ತಿಂದ ಆ ಹೆಂಚು ನಮ್ಮ ಹವೆಗೆ ಒಗ್ಗಿಕೊಂಡಿದೆ. ಘಟ್ಟದ ಮೇಲಿನ ಹಳೇ ಮನೆಗಳ ಮೆತ್ತಿಯನ್ನು ನೆನಪು ಮಾಡಿಕೊಳ್ಳಿ. ಹೆಂಚಿಗೂ ಕೆಳಗಿನ ಕೋಣೆಗೂ ನಡುವೆ ಹಲಗೆ, ಮಣ್ಣು, ಗಾಳಿ. ಕೆಳಗೆ ಮಲಗಿದವರಿಗೆ ಮಧ್ಯಾಹ್ನವೂ ಸೆಕೆ ತಟ್ಟುತ್ತಿರಲಿಲ್ಲ. ಅದೂ ಇನ್ಸುಲೇಶನ್ನೇ ಅಲ್ವಾ? ಒಂದು ಎಚ್ಚರ ಇರಲಿ: ಈ ಮಾಡಿನ ಕಬ್ಬಿಣದ ಚೌಕಟ್ಟನ್ನು ಸ್ಲ್ಯಾಬಿಗೆ ಭದ್ರವಾಗಿ ಬೋಲ್ಟ್ ಹಾಕಿ ಬಿಗಿಸಬೇಕು. ಜೂನ್ ಗಾಳಿ ಅಡಿಯಿಂದ ಎತ್ತುತ್ತದೆ.

ಇನ್ನು ಪಡುವಣ ಗೋಡೆ. ನಿಮ್ಮ ಮನೆಯಲ್ಲಿ ಅತಿ ಕಷ್ಟದ ಗೋಡೆ ಇದು, ಇದರ ಬಗ್ಗೆ ಸ್ವಲ್ಪ ಹೊತ್ತು ನಿಂತು ಮಾತಾಡಬೇಕು. ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವವರೆಗೆ ಬಿಸಿಲು ಓರೆಯಾಗಿ ಇದರ ಮೇಲೇ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕಡೆಯಿಂದ ಬರುವ ಮಳೆಯ ಇರಚಲು ಹೊಡೆಯುವುದೂ ಇದಕ್ಕೇ. ಉಪ್ಪಿನ ಗಾಳಿಯೂ ಇದಕ್ಕೇ. ಆದರೆ ಹಗಲಿನ ಒಳ್ಳೆಯ ಗಾಳಿ ಬರುವುದೂ ಇದೇ ದಿಕ್ಕಿನಿಂದ, ಹಾಗಾಗಿ ಸುಮ್ನೆ ಮುಚ್ಚಿಬಿಡುವ ಹಾಗಿಲ್ಲ. ಮೂರಡಿ ಸೂರು ಹೊರಗೆ ಬಿಟ್ಟರೆ ಗೋಡೆಯ ಮೇಲ್ಭಾಗ ಉಳಿಯುತ್ತದೆ, ಓರೆ ಮಳೆಗೆ ಕೆಳಭಾಗ ನೆನೆದೇ ನೆನೆಯುತ್ತದೆ. ಪಡುವಣಕ್ಕೆ 6-8 ಅಡಿಯ ಜಗಲಿ ಇಳಿಸಿ, ಅದರ ಮಾಡನ್ನು ತಗ್ಗಿಗೆ ತನ್ನಿ. ಜಗಲಿಯ ನೆರಳಿನಲ್ಲಿ ದೊಡ್ಡ ಕಿಟಕಿ ಇಡಿ. ಬಿಸಿಲು ತಡೆಯಿತು, ಇರಚಲು ತಡೆಯಿತು, ಗಾಳಿ ಒಳಗೆ ಬಂತು. ರಾತ್ರಿ ಗಾಳಿ ತಿರುಗಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಆದ್ದರಿಂದ ಮಲಗುವ ಕೋಣೆ ಮೂಡಣಕ್ಕಿರಲಿ, ಅದಕ್ಕೆ ಮೂಡಣದಲ್ಲೊಂದು, ಅದರ ಎದುರು ಇಲ್ಲವೇ ಪಕ್ಕದ ಗೋಡೆಯಲ್ಲೊಂದು ಕಿಟಕಿ ಇರಲಿ. ನಮ್ಮ ಸೆಕೆಯಲ್ಲಿ ಅರ್ಧ ಪಾಲು ಬೆವರು ಆರದೇ ಇರುವ ಕಷ್ಟ. ಬೆವರು ಆರಿಸುವುದು ಗಾಳಿ. ಎಂಥ ಬ್ಲಾಕ್ ತಂದರೂ ಆ ಕೆಲಸ ಅದರಿಂದ ಆಗುವುದಿಲ್ಲ.

ಇಷ್ಟು ಆದ ಮೇಲೆ ಬ್ಲಾಕಿಗೆ ಬರೋಣ. ಅಂಗಡಿಯಲ್ಲಿ 'ಇನ್ಸುಲೇಟೆಡ್ ಬ್ಲಾಕ್' ಅಂದರೆ ಮೂರು ಬೇರೆ ಬೇರೆ ವಸ್ತುಗಳು ಬರಬಹುದು. ಒಂದು, ನಮಗೆ ಗೊತ್ತಿರುವ ಟೊಳ್ಳು ಕಾಂಕ್ರೀಟ್ ಬ್ಲಾಕು, ತೂತಿನಲ್ಲಿ ಥರ್ಮೋಕೋಲ್ ತುಂಬಿದ್ದು. ಇದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ತೂತಿನ ನಡುವಿನ ಕಾಂಕ್ರೀಟ್ ಅಡ್ಡಗೋಡೆಗಳು ಹೊರಗಿನಿಂದ ಒಳಗಿನವರೆಗೆ ಒಂದೇ ಸಮ ಇರುತ್ತವೆ, ಬಿಸಿ ಥರ್ಮೋಕೋಲನ್ನು ಸುತ್ತಿಬಳಸಿ ಅವುಗಳ ಮೂಲಕವೇ ಒಳಗೆ ಬರುತ್ತದೆ. ಎರಡನೆಯದು ಎಎಸಿ. ಮೂರನೆಯದು ನೀವು ವಿಡಿಯೋದಲ್ಲಿ ನೋಡಿದ ಫೋಮ್ ಅಚ್ಚು, ಐಸಿಎಫ್ ಅನ್ನುತ್ತಾರೆ.

ಐಸಿಎಫ್ ಬಗ್ಗೆ ನಿಮಗೆ ಆಸೆ ಹುಟ್ಟಿದ್ದು ಸಹಜ. ಎರಡೂ ಕಡೆ ಎರಡೆರಡೂವರೆ ಇಂಚು ಫೋಮ್, ನಡುವೆ 6 ಇಂಚು ಕಾಂಕ್ರೀಟು, ಒಳಗೆ ಸರಳು. ಗಟ್ಟಿ ಗೋಡೆ, ಶಾಖ ದಾಟುವುದು 0.3ರ ಒಳಗೆ. ಆದರೆ ಇದು ಬೆಳೆದದ್ದು ಕೆನಡಾದಂಥ ಚಳಿ ದೇಶದಲ್ಲಿ, 1960ರ ದಶಕದಲ್ಲಿ. ಅಲ್ಲಿ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ, ಒಳಗೆ 20. ಮೂವತ್ತೈದು ಡಿಗ್ರಿ ವ್ಯತ್ಯಾಸ, ತಿಂಗಳುಗಟ್ಟಲೆ. ಕಿಟಕಿ ಮುಚ್ಚಿದ ಮನೆ. ಅಂಕೋಲೆಯಲ್ಲಿ ಕಿಟಕಿ ತೆರೆದಿಟ್ಟ ಮನೆಗೆ ಒಳಗೂ ಹೊರಗೂ ನೆರಳಲ್ಲಿ ಎಷ್ಟು ವ್ಯತ್ಯಾಸ? ಮೂರು ನಾಲ್ಕು ಡಿಗ್ರಿ. ನೆರಳಿನ ಗೋಡೆಗೆ ಅಷ್ಟು ದಪ್ಪ ಅಂಗಿ ತೊಡಿಸಿ ಕಿಟಕಿ ತೆರೆದಿಟ್ಟರೆ ಹಾಕಿದ ದುಡ್ಡಿಗೆ ತಕ್ಕ ತಂಪು ಸಿಗುವುದಿಲ್ಲ.

ಕಟ್ಟುವ ಕಷ್ಟವೂ ಇದೆ. ನಿಮ್ಮ ಮನೆಯ ಹೊರಗೋಡೆ ಸುಮಾರು 140 ಅಡಿ ಸುತ್ತಳತೆ, 10 ಅಡಿ ಎತ್ತರ ಅಂತಿಟ್ಟುಕೊಳ್ಳಿ. ಬಾಗಿಲು ಕಿಟಕಿ ಕಳೆದರೂ ಗೋಡೆಗೇ ಸುಮಾರು 16 ಘನ ಮೀಟರ್ ಕಾಂಕ್ರೀಟ್ ಬೇಕು, ಅಂದರೆ 120 ಚೀಲದಷ್ಟು ಸಿಮೆಂಟು. ಅದನ್ನು ಮೇಲಿಂದ ಒಂದೇ ಸಲ ಸುರಿಯುವ ಹಾಗಿಲ್ಲ. ಸುತ್ತ ತಿರುಗಿ ಬರುತ್ತಾ ಮೂರು ನಾಲ್ಕು ಅಡಿಯ ಪದರಗಳಲ್ಲಿ ತುಂಬಬೇಕು. ಅವಸರ ಮಾಡಿದರೆ ಹಸಿ ಕಾಂಕ್ರೀಟಿನ ಒತ್ತಡಕ್ಕೆ ಫೋಮ್ ಒಡೆದು ಹೊಟ್ಟೆ ಬಿಚ್ಚುತ್ತದೆ. ವೈಬ್ರೇಟರ್ ಕಮ್ಮಿಯಾದರೆ ಕಿಟಕಿಯ ಕೆಳಗೆ ಟೊಳ್ಳು ಉಳಿಯುತ್ತದೆ, ಫೋಮ್ ಮುಚ್ಚಿರುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ಈ ಕೆಲಸವನ್ನು ಹತ್ತಾರು ಮನೆಗೆ ಮಾಡಿ ಕೈ ಪಳಗಿದ ತಂಡ ಬೇಕು. ಮೊದಲ ಸಲ ಮನೆ ಕಟ್ಟುವವರು, ಮೊದಲ ಸಲ ಐಸಿಎಫ್ ನೋಡುವ ಮೇಸ್ತ್ರಿಯ ಜೊತೆ ಇದಕ್ಕೆ ಇಳಿಯಬಾರದು.

ಇನ್ನೊಂದು ಕಾರಣ ಒರಲೆ. ಫೋಮ್ ಒರಲೆಗೆ ಆಹಾರ ಅಲ್ಲ, ಆದರೆ ಅದರೊಳಗೆ ಸುರಂಗ ಕೊರೆಯುವುದು ಅದಕ್ಕೆ ಬಲು ಸುಲಭ. ನೆಲದಿಂದ ಫೋಮಿನೊಳಗೇ ಹತ್ತಿ ಮಾಡಿನ ನಾಟಾ ತಲುಪಿಬಿಡುತ್ತದೆ. ಮಾಮೂಲು ಗೋಡೆಯಲ್ಲಾದರೆ ಮಣ್ಣಿನ ಗೆರೆ ಕಾಣುತ್ತದೆ, ಕೆರೆದು ಔಷಧಿ ಹಾಕುತ್ತೀರಿ. ಇಲ್ಲಿ ಅದೂ ಕಾಣುವುದಿಲ್ಲ. ಅಮೆರಿಕದಲ್ಲೂ ಒರಲೆ ಕಾಟ ತೀರಾ ಜಾಸ್ತಿ ಇರುವ ಕಡೆ ನೆಲದ ಮಟ್ಟದ ಕೆಳಗೆ ಫೋಮ್ ಬಳಸುವುದಕ್ಕೆ ಕಟ್ಟಡ ಸಂಹಿತೆ ತಡೆ ಹಾಕಿದೆ. ಜೊತೆಗೆ ಫೋಮಿಗೆ ಬೆಂಕಿ ಹತ್ತುತ್ತದೆ, ಆದ್ದರಿಂದ ಒಳಗಡೆ ಜಾಲರಿ ಹೊಡೆದು ಪ್ಲಾಸ್ಟರ್ ಮಾಡದೆ ಬಿಡುವ ಹಾಗಿಲ್ಲ. ನಿಮ್ಮ ಮನೆಗೆ ಐಸಿಎಫ್ ಬೇಡ ಅಂತಲೇ ನನ್ನ ಮಾತು.

ಎಎಸಿ ಬೇರೆ ಕಥೆ. ಸ್ವೀಡನ್ನಿನಲ್ಲಿ 1920ರ ದಶಕದಲ್ಲಿ ಯೋಹಾನ್ ಆಕ್ಸೆಲ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ವಸ್ತು ಇದು. ಹಾರುಬೂದಿ ಇಲ್ಲವೇ ನುಣ್ಣನೆ ಮರಳು, ಸಿಮೆಂಟು, ಸುಣ್ಣದ ಹಿಟ್ಟಿಗೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸುತ್ತಾರೆ. ಹೈಡ್ರೋಜನ್ ಗುಳ್ಳೆ ಎದ್ದು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಆ ಗುಳ್ಳೆಗಳೇ ಇನ್ಸುಲೇಶನ್. 8 ಇಂಚಿನ ಎಎಸಿ ಗೋಡೆ, ಎರಡೂ ಕಡೆ ಪ್ಲಾಸ್ಟರ್ ಸೇರಿ, ಶಾಖ ದಾಟುವುದು ಸುಮಾರು 0.8. ಅದೇ 9 ಇಂಚಿನ ಇಟ್ಟಿಗೆ ಗೋಡೆ 2ರ ಹತ್ತಿರ. ಕರಗಸದಲ್ಲಿ ಕೊಯ್ಯಬಹುದು. 24 ಇಂಚು ಉದ್ದ, 8 ಇಂಚು ಎತ್ತರದ ಬ್ಲಾಕು ಒಣಗಿದ್ದಾಗ 14-15 ಕಿಲೋ, ಒಬ್ಬರೇ ಎತ್ತಬಹುದು. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ 75 ಬ್ಲಾಕು ಸಾಕು.

ಇದರ ದೊಡ್ಡ ಶತ್ರು ನೀರು. ಬಕೆಟ್ಟಿನಲ್ಲಿ ಹಾಕಿದರೆ ಮೊದಲು ತೇಲುತ್ತದೆ. ಹಾಗೇ ಬಿಟ್ಟರೆ ಕುಡಿಯುತ್ತಾ ಹೋಗುತ್ತದೆ, ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹಿಡಿದಿಟ್ಟುಕೊಳ್ಳಬಲ್ಲದು. ನೆನೆದ ಬ್ಲಾಕು ಒಣಗುವಾಗ ಕುಗ್ಗುತ್ತದೆ, ಗೋಡೆಯೊಳಗೆ ಸೇರಿದ ಮೇಲೆ ಕುಗ್ಗಿದರೆ ಬಿರುಕು. ಇದನ್ನು ನಾನು ಓದಿ ಕಲಿತದ್ದಲ್ಲ. ನಾನು ನೋಡಿಕೊಳ್ಳುತ್ತಿದ್ದ ಮೊದಮೊದಲ ಎಎಸಿ ಮನೆಗೆ ಲೋಡು ಬಂದದ್ದು ಮೇ ಕೊನೆಯಲ್ಲಿ. ಬರೀ ನೆಲದ ಮೇಲೆ ಇಳಿಸಿದರು. ಮೂರು ದಿನಕ್ಕೇ ಮುಂಗಾರಿನ ಮೊದಲ ಜಡಿ ಹಿಡಿಯಿತು. ಕೆಲಸ ನಿಲ್ಲಬಾರದು ಅಂತ ನಾನೇ ಆ ಹಸಿ ಬ್ಲಾಕಿನಲ್ಲೇ ಕಟ್ಟಿಸಿದೆ. ದೀಪಾವಳಿ ಕಳೆದು ಪ್ಲಾಸ್ಟರ್ ಆಯಿತು. ಮಾರ್ಚ್ ಹೊತ್ತಿಗೆ ನಡುಮನೆಯ ಗೋಡೆಯ ತುಂಬಾ ಬ್ಲಾಕಿನ ಅಂಚುಗಳು ಗೆರೆ ಎಳೆದ ಹಾಗೆ ಎದ್ದು ಕಂಡವು. ಆ ಮನೆಯ ಅಜ್ಜಿ ಬೆರಳಿನಿಂದ ಒಂದು ಗೆರೆಯನ್ನು ಮೂಲೆಯವರೆಗೂ ಸವರುತ್ತಾ ಹೋಗಿ ನನ್ನ ಮುಖ ನೋಡಿದರು. ಅದು ಇವತ್ತಿಗೂ ನೆನಪಿದೆ.

ನಿಮ್ಮ ಭಾವನ ಮನೆಯಲ್ಲೂ ಹೀಗೇ ಆಗಿರಬಹುದು. ಬಿರುಕು ಎಲ್ಲಿದೆ ನೋಡಿ. ಕಾಲಮ್ಮಿಗೂ ಬ್ಲಾಕಿಗೂ ಸೇರುವಲ್ಲಿ ನೆಟ್ಟಗೆ ಬಿಟ್ಟಿದ್ದರೆ ಅಲ್ಲಿ ಜಾಲರಿ ಹಾಕಿಲ್ಲ ಅಂತ ಅರ್ಥ. ಬೀಮಿನ ಅಡಿಯಲ್ಲಿ ಅಡ್ಡಗೆರೆ ಇದ್ದರೆ ಗೋಡೆಯನ್ನು ಒಂದೇ ಉಸಿರಿಗೆ ಬೀಮಿನವರೆಗೆ ಏರಿಸಿಬಿಟ್ಟಿದ್ದಾರೆ. ಅಲ್ಲಿ ಅರ್ಧ ಇಂಚು ಸಂದು ಬಿಟ್ಟು, ಒಂದೆರಡು ವಾರ ಕಳೆದು ತುಂಬಬೇಕಿತ್ತು. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಕಿಟಕಿಯಡಿ ಕಾಂಕ್ರೀಟ್ ಪಟ್ಟಿ ಇಲ್ಲ. ಗೋಡೆ ತುಂಬಾ ಜೇಡರ ಬಲೆ ಥರ ಸಣ್ಣ ಬಿರುಕಾದರೆ ಪ್ಲಾಸ್ಟರಿಗೆ ಸಿಮೆಂಟ್ ಜಾಸ್ತಿಯಾಗಿದೆ. ಮೃದು ಬ್ಲಾಕಿನ ಮೇಲೆ ಗಡಸು ಗಾರೆ ನಿಲ್ಲುವುದಿಲ್ಲ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಇವು ಯಾವುವೂ ಬ್ಲಾಕಿನ ತಪ್ಪಲ್ಲ.

ಹಾಗಾದರೆ ಚಿರೆಕಲ್ಲು ಬಿಡಬೇಕಾ? ನಿಮ್ಮ ಮೇಸ್ತ್ರಿಯ ಮಾತಿನಲ್ಲಿ ಹುರುಳಿದೆ. ಅದು ಈ ನೆಲದ್ದೇ ಕಲ್ಲು, ಅಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಅವರ ಕೈಗೆ ಪಳಗಿದೆ. ಆದರೆ ಎಲ್ಲ ಕಣಿಯ ಕಲ್ಲೂ ಒಂದೇ ಅಲ್ಲ. ಚಿರೆಕಲ್ಲಿಗೆ ಇರುವ ಐಎಸ್ 3620 ಮಾನದಂಡದ ಪ್ರಕಾರ ಕಲ್ಲು ಕುಡಿಯುವ ನೀರು ತೂಕದ ಶೇ. 12 ಮೀರಬಾರದು. ಬಿಸಿಲಿಗೆ ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿ. 25 ಕಿಲೋದ ಕಲ್ಲು 28 ಕಿಲೋ ದಾಟಿದರೆ ಆ ಕಣಿಯದ್ದು ಬೇಡ. ನನ್ನ ತೀರ್ಮಾನ ಹೀಗಿದೆ: ಮಾಡು, ಸೂರು, ಜಗಲಿ ಸರಿಯಾಗಿ, ಗೋಡೆ ನೆರಳಲ್ಲೇ ಇರುವುದಾದರೆ ಚಿರೆಕಲ್ಲಿನ ಮನೆಯೂ ತಂಪಾಗಿಯೇ ಇರುತ್ತದೆ. ಬಿಸಿಲಿಗೆ ತೆರೆದ ಗೋಡೆಯಾದರೆ ಎಎಸಿ ಮೇಲು, ಯಾಕೆಂದರೆ ದಪ್ಪ ಕಲ್ಲು ಸಂಜೆ ಹೀರಿದ ಬಿಸಿಯನ್ನು ಮಲಗುವ ಹೊತ್ತಿಗೆ ಕಕ್ಕುತ್ತದೆ. ಮಲಗುವ ಕೋಣೆಗೆ ಎಸಿ ಹಾಕುತ್ತೀರಾದರೆ ಆ ಕೋಣೆಗೆ ಎಎಸಿಯೇ ಸರಿ. ಆಗ ಆ ಕೋಣೆಯ ಒಳಗೋಡೆಗೆ ಮಾತ್ರ ಎಣ್ಣೆ ಪೇಂಟು, ಪ್ಲಾಸ್ಟಿಕ್ ವಾಲ್‌ಪೇಪರು ಬೇಡ. ನಮ್ಮಲ್ಲಿ ತೇವ ಹೊರಗಿನಿಂದ ತಣ್ಣನೆ ಕೋಣೆಯ ಕಡೆಗೆ ಒತ್ತುತ್ತದೆ, ಪೇಂಟಿನ ಹಿಂದೆ ಸಿಕ್ಕಿಬಿದ್ದು ಬೂಸು ಹಿಡಿಯುತ್ತದೆ.

ಎಎಸಿಯೇ ಆದರೂ ಪಂಚಾಂಗ (ಪಾಯದ ಮೇಲಿನ ಕಟ್ಟೆ), ಅದರ ಮೇಲಿನ ಎರಡು ವರಸೆ ಚಿರೆಕಲ್ಲೇ ಇರಲಿ, ನೆಲದ ಶೀತ ಮತ್ತು ಅಂಗಳದಿಂದ ಸಿಡಿಯುವ ನೀರು ಬ್ಲಾಕಿಗೆ ಮುಟ್ಟಬಾರದು. ಭಾರ ಹೊರಲು ಕಾಲಮ್ಮು, ಬೀಮು ಇರಲಿ. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ನಮ್ಮ ಕರಾವಳಿ 3ನೇ ವಲಯದಲ್ಲಿದೆ, ಸರಳಿನ ಲೆಕ್ಕವನ್ನು ಎಂಜಿನಿಯರ್ ಹತ್ತಿರವೇ ಮಾಡಿಸಿ. ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಕಾಂಕ್ರೀಟಿನ ಮಾನದಂಡ ಐಎಸ್ 456 ಹೇಳುವುದು ಎಂ30 ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಮೇಸ್ತ್ರಿಗಳು ರೂಢಿಯಲ್ಲಿ ಒಂದಿಂಚು ಬಿಡುತ್ತಾರೆ. ಅಲ್ಲೇ ಉಪ್ಪು ಇಳಿದು, ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಉದುರುತ್ತದೆ. ಗಂಗಾವಳಿ, ಕಾಳಿಯಂಥ ಹೊಳೆಗಳ ಮುಖದ ಹತ್ತಿರ, ಭರತದ ನೀರು ಬರುವಲ್ಲಿ ತೆಗೆದ ರೇತಿಯಲ್ಲಿ ಉಪ್ಪಿರುತ್ತದೆ. ಪರೀಕ್ಷೆ ಮಾಡಿಸದೆ ಅದನ್ನು ಸ್ಲ್ಯಾಬಿಗೆ ಹಾಕಬೇಡಿ. ಕಾಂಕ್ರೀಟಿಗೆ ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ಸಿಕ್ಕರೆ ಅದನ್ನೇ ತನ್ನಿ, ಉಪ್ಪಿಗೆ ಅದು ಚೆನ್ನಾಗಿ ತಡೆಯುತ್ತದೆ.

ನೀವೇ ನಿಂತು ಕಟ್ಟಿಸುವ ಬಗ್ಗೆ. ಖಂಡಿತ ಆಗುತ್ತದೆ, ಆದರೆ ಕ್ಯಾಲೆಂಡರು ನಿಮ್ಮ ಕೈಯಲ್ಲಿರಬೇಕು. ನವೆಂಬರಿನಲ್ಲಿ ಪಾಯ ತೋಡಿದರೆ ಮೇ ಮಧ್ಯದೊಳಗೆ ಮಾಡು ಮುಚ್ಚಬೇಕು. ಜನವರಿ ದಾಟಿ ಪಾಯ ಹಾಕುವ ಹಾಗಾದರೆ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡಿ. ಬ್ಲಾಕು ಬಂದ ದಿನ ಮರದ ಹಲಗೆಯ ಮೇಲೆ ಪೇರಿಸಿ, ಮೇಲೂ ಪಕ್ಕಕ್ಕೂ ಟಾರ್ಪಾಲು ಕಟ್ಟಿ. ಲಾರಿ ಘಟ್ಟ ಇಳಿದು ಬರುವಾಗ ಅಂಚು ಒಡೆದ ಬ್ಲಾಕು ಇದ್ದೇ ಇರುತ್ತವೆ, ಇಳಿಸುವಾಗಲೇ ಎಣಿಸಿ ಬದಿಗಿಡಿ. ದಿನಕ್ಕೆ ನಾಲ್ಕೈದು ಅಡಿಗಿಂತ ಎತ್ತರ ಏರಿಸಬೇಡಿ. ಬ್ಲಾಕ್ ಅಂಟನ್ನು 3 ಮಿಲಿಮೀಟರ್ ದಪ್ಪಕ್ಕೆ ಹಲ್ಲಿನ ಕರಣೆಯಲ್ಲಿ ಎಳೆಯಬೇಕು. ಚಿರೆಕಲ್ಲಿನ ಅಭ್ಯಾಸದಲ್ಲಿ ಮೇಸ್ತ್ರಿ ಬ್ಲಾಕಿನ ಮೇಲೆ ಕೊಡಪಾನಗಟ್ಟಲೆ ನೀರು ಹೊಯ್ಯಲು ಹೊರಡುತ್ತಾರೆ, ಅಲ್ಲಿ ನೀವು ಅಡ್ಡ ನಿಲ್ಲಬೇಕು. ಧೂಳು ಹೋಗುವಷ್ಟು ಒದ್ದೆ ಬ್ರಶ್ ಎಳೆದರೆ ಸಾಕು. ಕಿಟಕಿಯ ಮೇಲಿನ ಪ್ರತಿ ಚಜ್ಜಾದ ಅಡಿಯಲ್ಲಿ, ಹೊರ ಅಂಚಿನ ಹತ್ತಿರ ಬೆರಳಗಲದ ಗೀರು ಬಿಡಿಸಿ. ನೀರು ಗೋಡೆಯ ಕಡೆ ಓಡದೆ ಅಲ್ಲೇ ತೊಟ್ಟಿಕ್ಕುತ್ತದೆ.

ಜಾಗ ಸಮುದ್ರದಿಂದ 2 ಕಿಲೋಮೀಟರ್ ದೂರ ಅಂದಿದ್ದೀರಿ, ಆದರೆ ಪಕ್ಕದಲ್ಲಿ ಉಪ್ಪುನೀರಿನ ಹೊಳೆ, ಖಾರ್‌ಲ್ಯಾಂಡ್ ಗದ್ದೆ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ) ಇದೆಯಾ ನೋಡಿ. ಭರತ ಬರುವ ನೀರಿನ ದಂಡೆಗೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅನ್ವಯಿಸುತ್ತದೆ. ಪಾಯಕ್ಕೆ ಮೊದಲು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ಲೋಡು ಹೇಳುವ ಮೊದಲು ನಾಲ್ಕು ಬ್ಲಾಕು ಮಾತ್ರ ತರಿಸಿ. ಮೇಸ್ತ್ರಿಯನ್ನು ಕೂರಿಸಿಕೊಂಡು ಅಂಗಳದಲ್ಲಿ ಎರಡು ವರಸೆ ಕಟ್ಟಿಸಿ, ಕರಗಸದಲ್ಲಿ ಕೊಯ್ಯಲು ಅವರ ಕೈಗೇ ಕೊಡಿ. ಕಲ್ಲಿನ ಕೆಲಸದವರಿಗೆ ಮೊದಲು ಅದು ಆಟಿಕೆ ಅನ್ನಿಸುತ್ತದೆ, ಒಂದು ಗಂಟೆ ಕಳೆಯುವಷ್ಟರಲ್ಲಿ ಕೈ ಕೂರುತ್ತದೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಒತ್ತಾಯ ಬೇಡ, ಚಿರೆಕಲ್ಲಿನಲ್ಲೇ ಕಟ್ಟಿಸಿ, ಉಳಿದ ದುಡ್ಡನ್ನು ಪಡುವಣ ಜಗಲಿಗೂ ಮಾಡಿಗೂ ಹಾಕಿ. ಪ್ಲಾನು ಗೀಚಿದ ಮೇಲೆ ನನಗೊಮ್ಮೆ ಕಳಿಸಿ, ದಿಕ್ಕು ಗುರುತು ಹಾಕಲು ಮರೆಯಬೇಡಿ.